ಆಟದ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಮೈಸೂರು, ಮಂಡ್ಯದ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಮಾತು: ‘ಇದಕ್ಕೆ ವಿಂಡೋಸ್ 11 ಹಾಕೋಕೆ ಬರಲ್ಲ, ಹೊಸದು ತಗೊಂಡುಬಿಡಿ.’ ಮಕ್ಕಳು ಗೇಮ್ ಆಡುವ ಕಂಪ್ಯೂಟರ್ ಆದರಂತೂ ಬೇರೆ ದಾರಿಯೇ ಇಲ್ಲವೆಂದು ಮನೆಯವರು ನಂಬಿಬಿಡುತ್ತಾರೆ. ಆ ಮಾತಿನ ಮೊದಲರ್ಧ ಹೆಚ್ಚುಕಡಿಮೆ ನಿಜ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಮೇಲಿನ ಪ್ರೊಸೆಸರ್ ಬೇಕು. ಆದರೆ ಏಳನೇ ತಲೆಮಾರಿನ ಐ5, ಅದರ ಜೊತೆ ಜಿಟಿಎಕ್ಸ್ 1050 ಟಿಐ ಅಥವಾ 1060 ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರವನ್ನು ಗುಜರಿಗೆ ಹಾಕುವುದು ಶುದ್ಧ ನಷ್ಟ. ಅದೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿದರೆ ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲು ಇವತ್ತಿಗೂ ಓಡುತ್ತವೆ.

ಇದು ಹೇಗೆ ಸಾಧ್ಯವಾಯಿತು ಎಂದು ತಿಳಿದರೆ ಎಲ್ಲಿ ಎಡವುತ್ತದೆ ಎಂಬುದೂ ತಿಳಿಯುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್ ಕಂಪನಿ 2015ರಲ್ಲಿ ಲಿನಕ್ಸ್ ಆಧಾರಿತ ‘ಸ್ಟೀಮ್ ಮಷೀನ್’ಗಳನ್ನು ಮಾರುಕಟ್ಟೆಗೆ ತಂದು ಸೋತಿತು. ಆಗ ಪ್ರತಿ ಆಟವನ್ನೂ ಅದರ ತಯಾರಕರೇ ಲಿನಕ್ಸ್‌ಗೆ ಹೊಂದಿಸಿಕೊಡಬೇಕಿತ್ತು, ಹೆಚ್ಚಿನವರು ಕೊಡಲಿಲ್ಲ. 2018ರ ಆಗಸ್ಟ್‌ನಲ್ಲಿ ವಾಲ್ವ್ ತಂದ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಆ ಹಂಗನ್ನೇ ತೆಗೆದುಹಾಕಿತು. 1993ರಿಂದ ಬೆಳೆದುಬಂದ ವೈನ್ ಎಂಬ ತಂತ್ರಾಂಶವೇ ಅದರ ಬುಡ. ಆಟ ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ವೈನ್ ದುಭಾಷಿಯಂತೆ ಲಿನಕ್ಸ್‌ಗೆ ತಿಳಿಸುತ್ತದೆ; ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಬಳಸುವ ಡೈರೆಕ್ಟ್‌ಎಕ್ಸ್ 9, 10, 11ರ ಚಿತ್ರಣವನ್ನು ಡಿಎಕ್ಸ್‌ವಿಕೆ, 12ರದನ್ನು ವಿಕೆಡಿ3ಡಿ-ಪ್ರೋಟಾನ್ ಎಂಬ ತಂತ್ರಾಂಶಗಳು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ಬದಲಿಸುತ್ತವೆ. 2022ರ ಫೆಬ್ರುವರಿಯಲ್ಲಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಬಂದ ಮೇಲೆ ತಯಾರಕರೂ ತಮ್ಮ ಆಟ ಲಿನಕ್ಸ್‌ನಲ್ಲಿ ಓಡುತ್ತದೆಯೇ ಎಂದು ತಾವಾಗಿಯೇ ನೋಡತೊಡಗಿದರು. 2025ರ ಅಕ್ಟೋಬರ್‌ನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಮೊದಲ ಬಾರಿಗೆ ಶೇ 3 ದಾಟಿತು. ಸಂಖ್ಯೆ ಸಣ್ಣದೇ, ಆಗ ವಿಂಡೋಸ್ ಶೇ 94ರ ಮೇಲಿತ್ತು. ಒಂದು ಕಂಪನಿಯ ಹಿಡಿತ ತಪ್ಪಿಸಿಕೊಂಡು ಇನ್ನೊಂದರ ಕೈಗೆ ಬಿದ್ದಂತಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ವೈನ್, ಪ್ರೋಟಾನ್ ಎರಡರ ಮೂಲಸಂಕೇತವೂ ಮುಕ್ತ. ಸ್ಟೀಮ್ ಬೇಡವೆಂದರೆ ಹೀರೋಯಿಕ್ ಎಂಬ ತಂತ್ರಾಂಶದಿಂದ ಎಪಿಕ್, ಜಿಒಜಿ ಅಂಗಡಿಗಳ ಆಟಗಳನ್ನೂ ಅದೇ ದಾರಿಯಲ್ಲಿ ಆಡಬಹುದು.

ಇನ್ನು ಓಡದೇ ಇರುವವು. ವ್ಯಾಲೊರಂಟ್, ಫೋರ್ಟ್‌ನೈಟ್, ಪಿಸಿಯ ಪಬ್‌ಜಿ, ಕಾಲ್ ಆಫ್ ಡ್ಯೂಟಿಯ ಹೊಸ ಆವೃತ್ತಿಗಳು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಇವುಗಳಲ್ಲಿ ಮೋಸದ ಆಟ ತಡೆಯುವ ಆ್ಯಂಟಿ-ಚೀಟ್ ತಂತ್ರಾಂಶವೇ ಅಡ್ಡಗೋಡೆ. ಅದರಲ್ಲೂ ವ್ಯಾಲೊರಂಟ್‌ನದು ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಡ್ರೈವರ್ ಆಗಿ ಕೂರುತ್ತದೆ. ವೈನ್ ತಂತ್ರಾಂಶದ ಮಾತನ್ನು ತರ್ಜುಮೆ ಮಾಡಬಲ್ಲದೇ ಹೊರತು ವಿಂಡೋಸ್ ಕರ್ನಲ್ಲನ್ನೇ ತಂದು ಕೂರಿಸಲಾರದು. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎಂಬ ಆ್ಯಂಟಿ-ಚೀಟ್‌ಗಳು ಎರಡೂ 2021ರಲ್ಲೇ ಪ್ರೋಟಾನ್‌ಗೆ ಬಾಗಿಲು ತೆರೆದಿವೆ, ಆಟದ ತಯಾರಕರು ಒಪ್ಪಿಗೆ ಕೊಟ್ಟರೆ ಸಾಕು. ಎಲ್ಡನ್ ರಿಂಗ್‌ನವರು ಕೊಟ್ಟಿದ್ದಾರೆ. ಎಪೆಕ್ಸ್ ಲೆಜೆಂಡ್ಸ್‌ನವರು ಕೊಟ್ಟಿದ್ದನ್ನು 2024ರ ಕೊನೆಗೆ ಹಿಂದಕ್ಕೆ ಪಡೆದರು. ಜಿಟಿಎ 5ರ ಕಥೆಯ ಭಾಗ ಓಡುತ್ತದೆ, ಆನ್‌ಲೈನ್ ಭಾಗ 2024ರ ಸೆಪ್ಟೆಂಬರ್‌ನಿಂದ ನಿಂತಿದೆ. ಕೌಂಟರ್-ಸ್ಟ್ರೈಕ್ 2, ಡೋಟಾ 2, ಜಾವಾ ಮೈನ್‌ಕ್ರಾಫ್ಟ್‌ಗೆ ದುಭಾಷಿಯೇ ಬೇಡ, ಅವು ಲಿನಕ್ಸ್‌ಗೆಂದೇ ಸಿಗುತ್ತವೆ. ಹುಡುಗರು ದಿನವೂ ಆಡುವುದು ವ್ಯಾಲೊರಂಟ್ ಮಾತ್ರ ಎಂದಾದರೆ ಲಿನಕ್ಸ್ ಅವರಿಗೆ ಹೇಳಿದ್ದಲ್ಲ. ಅಂಗಡಿಯವರು ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಗ್ರಾಫಿಕ್ಸ್ ಕಾರ್ಡ್ ಯಾವುದೆಂಬುದು ಎರಡನೆಯ ಪ್ರಶ್ನೆ. ಎಎಂಡಿಯ ಆರ್‌ಎಕ್ಸ್ 570, 580ಗೆ ಬೇರೆ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಹಾಕುವ ಕೆಲಸವೇ ಇಲ್ಲ, ಲಿನಕ್ಸ್ ಜೊತೆಯಲ್ಲೇ ಬಂದಿರುತ್ತದೆ. ಎನ್‌ವಿಡಿಯಾದ ಜಿಟಿಎಕ್ಸ್ 900, 1000 ಸರಣಿಗೆ 580ನೇ ಡ್ರೈವರ್ ಶಾಖೆಯೇ ಕೊನೆ. 590ಕ್ಕೆ ಏರಿಸಿದರೆ ಕಾರ್ಡ್ ಕೆಲಸ ಮಾಡದು, ಆದ್ದರಿಂದ ಲಿನಕ್ಸ್‌ನದೇ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ 580 ಆರಿಸಿ ಅಲ್ಲೇ ನಿಲ್ಲಿಸಿ. ಇದೇ 1000 ಸರಣಿಯಲ್ಲಿ ಡೈರೆಕ್ಟ್‌ಎಕ್ಸ್ 12 ಆಟಗಳು ವಿಂಡೋಸ್‌ಗಿಂತ ನಿಧಾನ ಎಂಬುದನ್ನೂ ತಿಳಿದಿರಲಿ. ಜಿಟಿ 710ರಂಥ ಕಾರ್ಡ್‌ಗೆ ವಲ್ಕನ್ 1.3 ಇಲ್ಲ, ಡಿಎಕ್ಸ್‌ವಿಕೆ 2ಕ್ಕೆ ಅದು ಬೇಕೇ ಬೇಕು; ಅಲ್ಲಿ ಹಳೆಯ ಪ್ರೋಟಾನ್ ಆವೃತ್ತಿ ಹಾಕಿಕೊಂಡು ಹಳೆಯ ಆಟಗಳಿಗೆ ತೃಪ್ತಿಪಡಬೇಕು.

ಲಿನಕ್ಸ್ ಹಾಕುವ ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡಿ. ಅದು ಇದ್ದರೆ ಶಟ್‌ಡೌನ್ ಮಾಡಿದರೂ ಡ್ರೈವ್ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್ ಅದರಲ್ಲಿ ಬರೆಯಲು ಒಪ್ಪುವುದಿಲ್ಲ. ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶ ಏಳದಂತೆ ತಡೆಯುವ ವ್ಯವಸ್ಥೆ) ಆನ್ ಇರುವ ಯಂತ್ರಕ್ಕೆ ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ಮೊದಲ ರೀಬೂಟ್‌ನಲ್ಲಿ ನೀಲಿ ಪರದೆಯೊಂದು ಬರುತ್ತದೆ. ಹೆದರಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಏಳುವುದೇ ಇಲ್ಲ. ‘ಎನ್‌ರೋಲ್ ಎಂಒಕೆ’ ಆರಿಸಿ, ಡ್ರೈವರ್ ಹಾಕುವಾಗ ಕೊಟ್ಟ ಪಾಸ್‌ವರ್ಡ್ ಹೊಡೆಯಬೇಕು. ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಂಡವರಿಗೆ ಅಲ್ಲಿಯ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಬಿದ್ದಿರುತ್ತದೆ, ರಾತ್ರಿ 9 ಇದ್ದದ್ದು ಮಧ್ಯಾಹ್ನ 3.30 ಎನ್ನುತ್ತದೆ. ಮದರ್‌ಬೋರ್ಡ್ ಸೆಲ್ ಹೋಗಿದೆ ಎಂದು ಬದಲಿಸಬೇಡಿ. ಲಿನಕ್ಸ್ ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಗ್ರೀನ್‌ವಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ, ಅಷ್ಟೇ. ಲಿನಕ್ಸ್‌ನಲ್ಲಿ ಸ್ಥಳೀಯ ಸಮಯ ಇಡುವಂತೆ ಬದಲಿಸಿದರೆ ಸರಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಒಂದೇ ಕಡೆ. ಡಿ ಡ್ರೈವ್‌ನಲ್ಲಿ 60 ಜಿಬಿಯ ಆಟ ಆಗಲೇ ಇದೆ, ಅದನ್ನೇ ಲಿನಕ್ಸ್‌ನ ಸ್ಟೀಮ್‌ಗೆ ತೋರಿಸಿ ‘ಪ್ಲೇ’ ಒತ್ತುತ್ತಾರೆ. ಗುಂಡಿ ಕ್ಷಣಕಾಲ ‘ಸ್ಟಾಪ್’ ಆಗಿ ಮತ್ತೆ ‘ಪ್ಲೇ’ ಆಗುತ್ತದೆ. ಯಾವ ಸೂಚನೆಯೂ ಇಲ್ಲ, ಆಟವೂ ಇಲ್ಲ. ಅಲ್ಲಿಗೆ ‘ಲಿನಕ್ಸ್‌ನಲ್ಲಿ ಗೇಮ್ ಆಗಲ್ಲ’ ಎಂದು ತೀರ್ಮಾನ. ಪ್ರೋಟಾನ್ ಪ್ರತಿ ಆಟಕ್ಕೂ ‘ಕಂಪಾಟ್‌ಡೇಟಾ’ ಫೋಲ್ಡರಿನಲ್ಲಿ ಒಂದು ಹುಸಿ ಸಿ ಡ್ರೈವ್ ಕಟ್ಟುತ್ತದೆ, ಅದರೊಳಗೆ ‘ಸಿ’ ಅಕ್ಷರ ಮತ್ತು ಕೋಲನ್ (:) ಚಿಹ್ನೆ ಸೇರಿದ ಹೆಸರಿನ ಕೊಂಡಿ ಇಡುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಧಾನದ ಡ್ರೈವ್‌ನಲ್ಲಿ ಆ ಚಿಹ್ನೆಯ ಹೆಸರು ಸಲ್ಲದು, ಅಲ್ಲಿಗೆ ಕೆಡುತ್ತದೆ. ಲಿನಕ್ಸ್‌ನದೇ ವಿಧಾನವಾದ ಇಎಕ್ಸ್‌ಟಿ4ರಲ್ಲಿ ಒಂದು ಪಾರ್ಟಿಷನ್ ಮಾಡಿ, ಅಲ್ಲಿ ಸ್ಟೀಮ್ ಲೈಬ್ರರಿ ತೆರೆದು, ಆಟದ ಫೋಲ್ಡರನ್ನು ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಮನ್’ಗೆ ನಕಲು ಮಾಡಿ ‘ಇನ್‌ಸ್ಟಾಲ್’ ಒತ್ತಿ. ಇರುವುದನ್ನು ತಾಳೆ ನೋಡಿ, ಕೊರತೆಯಾದಷ್ಟನ್ನೇ ಇಳಿಸಿಕೊಳ್ಳುತ್ತದೆ. ಮಳವಳ್ಳಿ, ನಾಗಮಂಗಲದ ಕಡೆ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಶೇಡರ್ ಪ್ರೀ-ಕ್ಯಾಶಿಂಗ್ (ಚಿತ್ರಣದ ಕಡತಗಳನ್ನು ಮೊದಲೇ ಇಳಿಸಿಕೊಳ್ಳುವುದು) ಆಫ್ ಮಾಡಿದರೆ ಡೇಟಾ ಉಳಿಯುತ್ತದೆ. ಮೊದಲ ಸಲ ಆಡುವಾಗ ಅಲ್ಲಲ್ಲಿ ತಡವರಿಸಬಹುದು, ಆಮೇಲೆ ಸರಿಯಾಗುತ್ತದೆ. ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟುವಿನಲ್ಲಿ ಸ್ಟೀಮ್‌ನ ಸ್ನ್ಯಾಪ್ ಪ್ಯಾಕೇಜ್ ಬೇಡ, ವಾಲ್ವ್ ಕೊಡುವ ಡೆಬ್ ಕಡತವನ್ನೇ ಹಾಕಿ.

ಅಂಗಡಿಯವರಲ್ಲಿ ನಮ್ಮದೊಂದು ಬೇಡಿಕೆ. 8 ಜಿಬಿಯ ಪೆನ್‌ಡ್ರೈವ್ ಒಂದರಲ್ಲಿ ಲಿನಕ್ಸ್ ಮಿಂಟ್ ಹಾಕಿಟ್ಟುಕೊಳ್ಳಿ. ಗಿರಾಕಿ ತಂದ ಯಂತ್ರದಲ್ಲಿ ಏನನ್ನೂ ಅಳಿಸದೆ ಅದರಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಕಾರ್ಡ್ ಮೂರೂ ಸಿಗುತ್ತವೆಯೇ ನೋಡಲು ಹತ್ತು ನಿಮಿಷ ಸಾಕು. ಮನೆಯವರು ಮಗ ಅಥವಾ ಮಗಳ ಕೈಯಲ್ಲಿ ಆಡುವ ಆಟಗಳ ಪಟ್ಟಿ ಬರೆಸಿಕೊಂಡು ಹೋಗಿ. ಯಾವ ಆಟ ಲಿನಕ್ಸ್‌ನಲ್ಲಿ ಹೇಗೆ ಓಡುತ್ತದೆ ಎಂದು ಆಡಿದವರೇ ಬರೆಯುವ ಪ್ರೋಟಾನ್‌ಡಿಬಿ ತಾಣದಲ್ಲಿ ಒಂದೊಂದರ ಹೆಸರು ಹಾಕಿ, ಬರೀ ‘ಗೋಲ್ಡ್’, ‘ಪ್ಲಾಟಿನಂ’ ದರ್ಜೆಗೆ ಮರುಳಾಗದೆ ನಿಮ್ಮದೇ ಕಾರ್ಡ್ ಇರುವವರು ಏನು ಬರೆದಿದ್ದಾರೆ ಎಂದು ಓದಿ. ತೀರ್ಮಾನಕ್ಕೆ ಸಮಯ ಬೇಕಾದವರಿಗೆ ವಿಂಡೋಸ್ 10ರ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗೆ ಇದೆ.

— ಕಂಪ್ಯೂಟರ್ ಜೋಡಣೆ, ದುರಸ್ತಿ ಕೆಲಸದವರು, ಸರಸ್ವತಿಪುರಂ, ಮೈಸೂರು