ಆಫ್ರಿಕಾ ಅಧ್ಯಯನ ನಮ್ಮ ಪದವಿ ತರಗತಿಗೂ ಬರಲಿ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿ, ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ‘ಆಫ್ರಿಕಾನಾ ಸ್ಟಡೀಸ್’ ಪದವಿಗೆ ವಿದ್ಯಾರ್ಥಿವೇತನದೊಂದಿಗೆ ಪ್ರವೇಶ ಪಡೆದಿದ್ದಾಳೆ. ಸುದ್ದಿ ತಿಳಿದ ಬಂಧುಗಳು ಮೊದಲು ಕೇಳಿದ್ದು, ‘ಅಮೆರಿಕಕ್ಕೆ ಹೋಗಿ ಆಫ್ರಿಕಾ ಓದುವುದೇ?’ ಎಂದು. ಉಳಿದ ಖರ್ಚಿಗೆ ಶಿಕ್ಷಣ ಸಾಲ ಕೇಳಲು ಹೋದಾಗ ಬ್ಯಾಂಕ್ ಅಧಿಕಾರಿಯೊಬ್ಬರು ಅರ್ಜಿಯನ್ನು ಎರಡು ಬಾರಿ ಓದಿ, ‘ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲವೇ ಅಮ್ಮಾ?’ ಎಂದರು. ಹುಡುಗಿ ಉತ್ತರಿಸದೆ ತಲೆ ತಗ್ಗಿಸಿ ಕುಳಿತದ್ದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಆಫ್ರಿಕಾ ಖಂಡವನ್ನೂ, ಅಲ್ಲಿಂದ ಗುಲಾಮರಾಗಿ ಒಯ್ಯಲ್ಪಟ್ಟು ಅಥವಾ ವಲಸೆ ಹೋಗಿ ಲೋಕದಾದ್ಯಂತ ನೆಲೆಸಿದ ಜನರನ್ನೂ ಒಟ್ಟಾಗಿ ಅರಿಯುವುದು ಈ ವಿಷಯದ ಉದ್ದೇಶ. ಇತಿಹಾಸ, ಸಾಹಿತ್ಯ, ರಾಜಕೀಯ, ಸಂಗೀತಗಳ ಜೊತೆಗೆ ಸ್ವಾಹಿಲಿಯಂತಹ ಭಾಷೆಯನ್ನೂ ಕಲಿಯುವ ಅವಕಾಶ ಹಲವು ಕಡೆ ಇದೆ. ಇದನ್ನು ಯಾರೂ ದಾನವಾಗಿ ಕೊಟ್ಟದ್ದಲ್ಲ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿ, ಪೊಲೀಸರ ಲಾಠಿ ಎದುರಿಸಿ, ಮರುವರ್ಷದ ಮಾರ್ಚ್‌ವರೆಗೆ ಹೋರಾಡಿದ ಫಲವಾಗಿಯೇ ಅಲ್ಲಿ ಕಪ್ಪು ಜನರ ಅಧ್ಯಯನ ವಿಭಾಗ ನೆಲೆಯೂರಿತು. 1969ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕೇಂದ್ರವು ‘ಆಫ್ರಿಕಾನಾ’ ಎಂಬ ಹೆಸರನ್ನೇ ಇಟ್ಟುಕೊಂಡಿತು.

ನಮಗೂ ಆಫ್ರಿಕಾಕ್ಕೂ ಏನು ಸಂಬಂಧ ಎನ್ನುವವರು ತಮ್ಮ ಊಟದ ತಟ್ಟೆಯನ್ನೊಮ್ಮೆ ನೋಡಬೇಕೆಂದು ವಿನಂತಿಸುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಗುರೆಳ್ಳು ಚಟ್ನಿಪುಡಿ ಇದ್ದರೆ ಊಟ ಸಂಪೂರ್ಣ. ಜೋಳವನ್ನು ಮನುಷ್ಯ ಮೊದಲು ಬೆಳೆಗೆ ಒಗ್ಗಿಸಿದ್ದು ಈಗಿನ ಸುಡಾನ್ ಭಾಗದಲ್ಲಿ. ಪುಂಡಿಯ ಮೂಲ ಆಫ್ರಿಕಾ. ಗುರೆಳ್ಳು ಇಥಿಯೋಪಿಯಾದ ಎತ್ತರದ ನಾಡಿನದು, ಅಲ್ಲಿ ಇಂದಿಗೂ ಅದರಿಂದ ಅಡುಗೆ ಎಣ್ಣೆ ತೆಗೆಯುತ್ತಾರೆ. ಸಂಕ್ರಾಂತಿಗೆ ತಟ್ಟುವ ಸಜ್ಜೆ ರೊಟ್ಟಿಯ ಕಾಳೂ ಸಹಾರಾ ಮರುಭೂಮಿಯ ದಕ್ಷಿಣದಂಚಿನದು. ಆ ನೆಲದ ರೈತರು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ತಳಿಗಳು ಸಾವಿರಾರು ವರ್ಷಗಳ ಹಿಂದೆಯೇ ಸಮುದ್ರ ದಾಟಿ ಬಂದು ನಮ್ಮ ಎರೆಹೊಲಗಳಲ್ಲಿ ಬೇರೂರಿವೆ.

ಧಾನ್ಯದ ಹಾದಿಯಲ್ಲಿ ಮನುಷ್ಯರೂ ಬಂದರು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು, 1626ರಲ್ಲಿ ಸಾಯುವವರೆಗೂ ಮೊಘಲರನ್ನು ಎದುರಿಸಿ ನಿಂತ. 1953ಕ್ಕಿಂತ ಮೊದಲು ಬಳ್ಳಾರಿ ಜಿಲ್ಲೆಯಲ್ಲೇ ಇದ್ದ, ಈಗ ಆಂಧ್ರಪ್ರದೇಶಕ್ಕೆ ಸೇರಿದ ಆದವಾನಿಯ ದೊಡ್ಡ ಮಸೀದಿಯನ್ನು ಕಟ್ಟಿಸಿದ ಸಿದ್ದಿ ಮಸೂದ್ ಖಾನ್ ಕೂಡ ಆಫ್ರಿಕಾ ಮೂಲದವನೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಬದುಕುತ್ತಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. ದಶಕಗಳ ಕಾಲ ಇತಿಹಾಸ ಬೋಧಿಸಿದ ನಾನು ಈ ಯಾವುದನ್ನೂ ತರಗತಿಯಲ್ಲಿ ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ, ನಾನೂ ಹುಡುಕಿ ಓದಲಿಲ್ಲ. ಆ ನೋವು ನನಗಿದೆ.

ಡಾ. ಅಂಬೇಡ್ಕರ್ ಅವರು 1946ರಲ್ಲಿ ಅಮೆರಿಕದ ಕಪ್ಪು ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ನೀಗ್ರೋ ಜನರ ಸ್ಥಿತಿಗೂ ಬಹಳ ಸಾಮ್ಯವಿರುವುದರಿಂದ ಅವರ ಕುರಿತ ಅಧ್ಯಯನ ಸಹಜವಷ್ಟೇ ಅಲ್ಲ, ಅಗತ್ಯವೂ ಹೌದು ಎಂದಿದ್ದರು. ಬ್ಯಾಂಕ್ ಅಧಿಕಾರಿಗೆ ನನ್ನ ತಂಗಿಯ ಮಗಳು ಕೊಡಬಹುದಾಗಿದ್ದ ಉತ್ತರ ಅದರಲ್ಲಿಯೇ ಇತ್ತು. ಉದ್ಯೋಗದ ಮಾತಾದರೆ, ಈ ಪದವಿ ಪಡೆದವರು ಕಾನೂನು, ಪತ್ರಿಕೋದ್ಯಮ, ಬೋಧನೆ, ಸಾರ್ವಜನಿಕ ಆರೋಗ್ಯ ಕ್ಷೇತ್ರಗಳಿಗೆ ಹೋಗುತ್ತಾರೆ. ನಮ್ಮ ಕೇಂದ್ರ ಸರ್ಕಾರವೇ 2018ರಲ್ಲಿ ಆಫ್ರಿಕಾದಲ್ಲಿ 18 ಹೊಸ ರಾಜತಾಂತ್ರಿಕ ಕಚೇರಿಗಳನ್ನು ತೆರೆಯಲು ನಿರ್ಧರಿಸಿತ್ತು.

ದೆಹಲಿ ವಿಶ್ವವಿದ್ಯಾಲಯದಲ್ಲಿ 1955ರಿಂದಲೇ ಆಫ್ರಿಕಾ ಅಧ್ಯಯನ ವಿಭಾಗವಿದೆ. ಸಿಂಧನೂರಿನ ಅಥವಾ ಕುಷ್ಟಗಿಯ ಬಿ.ಎ. ವಿದ್ಯಾರ್ಥಿಗೆ ಅದು ದೂರದ ಮಾತು. ಆದ್ದರಿಂದ ಈ ಭಾಗದ ವಿಶ್ವವಿದ್ಯಾಲಯಗಳು ಪದವಿ ಹಂತದಲ್ಲಿ ಆಫ್ರಿಕಾ ಕುರಿತ ಒಂದು ಐಚ್ಛಿಕ ಪತ್ರಿಕೆಯನ್ನಾದರೂ ಆರಂಭಿಸಬೇಕೆಂದು ಕೋರುತ್ತೇನೆ. ಇದಕ್ಕೆ ಹೊಸ ಹುದ್ದೆ ಬೇಕಿಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಅಧ್ಯಾಪಕರು ಸೇರಿ ಬೋಧಿಸಬಹುದು. ಕ್ಷೇತ್ರ ಭೇಟಿಗೆ ಆದವಾನಿ ಇದೆ. ಸಿರುಗುಪ್ಪದಿಂದ ಬೆಳಿಗ್ಗೆ ಬಸ್ ಹತ್ತಿದ ಮಕ್ಕಳು ಮಸೀದಿ ನೋಡಿಕೊಂಡು ಸಂಜೆಯೊಳಗೆ ಮನೆ ಸೇರಬಹುದು.

– ನಿವೃತ್ತ ಇತಿಹಾಸ ಉಪನ್ಯಾಸಕ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ