ಹುಲ್ಲುಗಾವಲಿನ ತಳಿಗಳನ್ನು ಒಟ್ಟಿಗೆ ಬೆಳೆಸಿ ಪರೀಕ್ಷಿಸಿ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಇಲಾಖೆ ಶಿಫಾರಸು ಮಾಡುವ ಮೇವಿನ ತಳಿಗಳ ಪಟ್ಟಿಯಲ್ಲಿ ಒಂದೊಂದು ತಳಿಯ ಮುಂದೆಯೂ ಇಳುವರಿ ಬರೆದಿರುತ್ತದೆ. ಸಾಮಾನ್ಯವಾಗಿ ಆ ಲೆಕ್ಕ ಸಿಗುವುದು ತಳಿಯೊಂದನ್ನೇ ಒಂದು ತಾಕಿನಲ್ಲಿ ಬೆಳೆಸಿ, ಕೊಯ್ದು, ತೂಗಿ. ಆದರೆ ಹುಲ್ಲುಗಾವಲಿನಲ್ಲಿ ಯಾವ ಗಿಡಕ್ಕೂ ಹಾಗೆ ಒಂಟಿಯಾಗಿ ಬೆಳೆಯುವ ಅನುಕೂಲ ಇರುವುದಿಲ್ಲ ಅಲ್ವಾ? ಬೆಳಕು, ನೀರು, ಸಾರಜನಕ, ಎಲ್ಲಕ್ಕೂ ಪಕ್ಕದ ಗಿಡದ ಜೊತೆ ಪೈಪೋಟಿ.

ಗಿನಿ ಹುಲ್ಲು ಮತ್ತು ಸ್ಟೈಲೋ ಎಂಬ ದ್ವಿದಳ ಮೇವು ಒಟ್ಟಿಗೆ ಬಿತ್ತಿದ ಕಡೆ ಬಗ್ಗಿ ನೋಡಬೇಕು. ಸ್ಟೈಲೋ ಸಸಿ ಮೊದಲ ಕೆಲವು ವಾರ ತುಂಬಾ ನಿಧಾನ. ಅಷ್ಟರಲ್ಲಿ ಗಿನಿ ತೆಂಡೆ ಒಡೆದು ಎತ್ತರಕ್ಕೆ ಹೋಗಿರುತ್ತದೆ. ಹುಲ್ಲನ್ನು ಕೈಯಿಂದ ಸರಿಸಿದರೆ ಬುಡದಲ್ಲಿ ಸ್ಟೈಲೋದ ಸಪೂರ ಕಡ್ಡಿ, ಅದರ ತುದಿಗೆ ನಾಲ್ಕಾರು ಬಿಳಿಚಿದ ಎಲೆ. ಮೇಲಿನಿಂದ ನೋಡಿದವರಿಗೆ ಗಾವಲು ಹಚ್ಚಗೆ, ಚೆನ್ನಾಗೇ ಕಾಣುತ್ತದೆ.

ಅದರ ಮೇಲೆ ಯೂರಿಯಾ ಬಿದ್ದರಂತೂ ಮುಗಿಯಿತು. ಸಾರಜನಕ ಕಡಿಮೆ ಇರುವ ಮಣ್ಣಿನಲ್ಲೂ ಬದುಕುವುದೇ ದ್ವಿದಳ ಮೇವಿನ ಬಲ. ಬೇರುಗಂಟಿನಲ್ಲಿ ತನಗೆ ಬೇಕಾದ್ದನ್ನು ಅದು ತಾನೇ ಸಂಪಾದಿಸಿಕೊಳ್ಳುತ್ತದೆ. ನಾವು ಚೀಲಗಟ್ಟಲೆ ಸಾರಜನಕ ಸುರಿದರೆ ಆ ಬಲ ಉಪಯೋಗಕ್ಕೆ ಬರುವುದಿಲ್ಲ, ಹುಲ್ಲೇ ಗೆಲ್ಲುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿರುವ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಲ್ಲಿ ಶುರುವಾದ ಹುಲ್ಲುಗಾವಲಿನ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅಲ್ಲಿ ಗೊಬ್ಬರ ಹಾಕದ ತಾಕುಗಳಲ್ಲಿ ಹತ್ತಾರು ಜಾತಿಯ ಗಿಡಗಳಿವೆ. ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟ್ ಎಂಬ ಸಾರಜನಕ ಗೊಬ್ಬರ ಜಾಸ್ತಿ ಹಾಕುತ್ತಾ ಬಂದ ತಾಕುಗಳಲ್ಲಿ ಮಣ್ಣು ಹುಳಿಯಾಗಿ, ಉಳಿದಿರುವುದು ಬೆರಳೆಣಿಕೆಯಷ್ಟು ಜಾತಿ. ಹೀಗಿರುವಾಗ ದ್ವಿದಳ ಬೀಜಕ್ಕೂ ಯೂರಿಯಾಗೂ ಒಂದೇ ಹೊಲಕ್ಕೆ ಸಹಾಯಧನ ಕೊಡುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ.

ಒಂದೇ ಬೆಳೆಯ ತಳಿಗಳ ನಡುವೆಯೂ ಬೇಕಾದಷ್ಟು ವ್ಯತ್ಯಾಸ ಇದೆ. ದ್ವಿದಳ ಮೇವಾದ ಬಿಳಿ ಕ್ಲೋವರ್‌ನ ಸಣ್ಣೆಲೆ ತಳಿಗಳು ನೆಲಕ್ಕಂಟಿಕೊಂಡು ಬೆಳೆಯುತ್ತವೆ, ಕುರಿ ಬುಡದವರೆಗೆ ಮೇಯ್ದರೂ ಉಳಿಯುತ್ತವೆ. ದೊಡ್ಡೆಲೆ ತಳಿಗಳು ಎತ್ತರದ ಹುಲ್ಲಿನ ನಡುವೆ ತಲೆ ಎತ್ತಬಲ್ಲವು, ಆದರೆ ಪದೇ ಪದೇ ಮೇಯಿಸಿದರೆ ತಾಳುವುದಿಲ್ಲ. ಒಂಟಿ ತಾಕಿನ ಇಳುವರಿ ನೋಡಿದರೆ ಇದು ಹೇಗೆ ಗೊತ್ತಾಗಬೇಕು? ಕೊಯ್ಯುವ ಯಂತ್ರ ಎಲ್ಲವನ್ನೂ ಒಂದೇ ಮಟ್ಟಕ್ಕೆ ಕತ್ತರಿಸುತ್ತದೆ. ದನ ಹಾಗಲ್ಲ. ರುಚಿಯಾದದ್ದನ್ನು ಮೊದಲು ಮೇಯುತ್ತದೆ, ಒರಟಾದದ್ದನ್ನು ಬಿಡುತ್ತದೆ. ಬಿಟ್ಟದ್ದು ಬೀಜ ಕಟ್ಟಿ ಮುಂದಿನ ವರ್ಷ ಇನ್ನಷ್ಟು ಜಾಗ ಹಿಡಿಯುತ್ತದೆ.

ಆದ್ದರಿಂದ ಮುಂದಿನ ಪಟ್ಟಿ ಹೊರಡಿಸುವ ಮೊದಲು ತಳಿಗಳನ್ನು ಜೋಡಿಯಾಗಿ ಬಿತ್ತಿಸಿ, ದನ ಕುರಿ ಬಿಟ್ಟು ಮೇಯಿಸಿ, ಕನಿಷ್ಠ 3 ವರ್ಷ ನೋಡಿಸಿ. ಮೊದಲ ವರ್ಷದ ತೂಕದ ಪಕ್ಕದಲ್ಲೇ ಮೂರನೇ ವರ್ಷಕ್ಕೆ ಯಾವುದು ಎಷ್ಟು ಉಳಿಯಿತು ಅನ್ನುವುದನ್ನೂ ಪ್ರಕಟಿಸಿ. ಬೀಜದ ಚೀಲದ ಮೇಲೆ ಯಾವುದರ ಜೊತೆ ಬಿತ್ತಬಹುದು, ಯಾವುದರ ಜೊತೆ ಬೇಡ ಅಂತ ಎರಡು ಸಾಲು ಬರೆಸಿ. ಬೀಜ ಕೊಳ್ಳುವ ಹೊತ್ತಿಗೆ ನಮಗೆ ಬೇಕಾಗಿರುವ ಮಾಹಿತಿ ಅದೇ.

ಇಂತಿ,
ಮೇವು ಬೆಳೆದು ದನ ಸಾಕುವ ಒಬ್ಬ ರೈತ