ಅಪ್ಪನಿಗೆ ಮೆಲಟೋನಿನ್ ಕೊಡುವ ಮುಂಚೆ

ಶಿರಸಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಅಪ್ಪನಿಗೆ ನಿದ್ದೆ ಬರ್ತಿಲ್ಲ ಅಂತ ನೀನು ಆನ್‌ಲೈನಲ್ಲಿ ಮೆಲಟೋನಿನ್ ತರಿಸಿ ಕಾರವಾರಕ್ಕೆ ಕಳಿಸಿದೆಯಂತೆ. ಡಬ್ಬಿ ಇನ್ನೂ ಒಡೆದಿಲ್ಲ ಅಂದ. ಒಳ್ಳೆಯದಾಯಿತು. ಬಿಪಿ ನೋಡುವ ಡಾಕ್ಟರನ್ನು ಕೇಳುವ ತನಕ ಹಾಗೇ ಇರಲಿ.

ಅದೇನು ವಿಷವಲ್ಲ, ನಿದ್ದೆಯ ಹಾರ್ಮೋನು. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯೇ ಅದನ್ನು ಸುರಿಸುತ್ತದೆ. ಬಿಪಿಗೂ ಒಳ್ಳೆಯದು ಅಂತ ನೀನು ಓದಿದ್ದು ಪೂರಾ ಸುಳ್ಳಲ್ಲ. ನಿಧಾನವಾಗಿ ಕರಗುವ 2 ಮಿಲಿಗ್ರಾಂ ಮಾತ್ರೆಯಿಂದ ಕೆಲವರಿಗೆ ರಾತ್ರಿ ಹೊತ್ತಿನ ಬಿಪಿಯಲ್ಲಿ ಮೇಲಿನ ಅಂಕಿ 6 ಅಂಕದಷ್ಟು ಇಳಿದದ್ದುಂಟು.

ಆದರೆ ನಿನ್ನಪ್ಪ ನುಂಗುವುದು ನಿಫೆಡಿಪಿನ್. ಆ ಮಾತ್ರೆಯಲ್ಲಿ ಬಿಪಿ ಹತೋಟಿಗೆ ಬಂದಿದ್ದವರಿಗೆ ಇಟಲಿಯ ಡಾಕ್ಟರುಗಳು ದಿನಾ ರಾತ್ರಿ 5 ಮಿಲಿಗ್ರಾಂ ಮೆಲಟೋನಿನ್ ಕೊಟ್ಟು 4 ವಾರ ನೋಡಿದರು. 2000ನೇ ಇಸವಿಯಲ್ಲಿ ಅದು ಅಚ್ಚಾಯಿತು. ಬಿಪಿ ಇಳಿಯಲಿಲ್ಲ, ಏರಿತು! ಮೇಲಿನದು ಆರೂವರೆ, ಕೆಳಗಿನದು ಹತ್ತಿರಹತ್ತಿರ ಐದು. ನಾಡಿಯೂ ಸ್ವಲ್ಪ ಜೋರಾಯಿತು.

ದೊಡ್ಡಮ್ಮ ನುಂಗುವ ಬಿಪಿ ಮಾತ್ರೆ ಅಟೆನೊಲಾಲ್, ಅದರ ಕಥೆಯೇ ಬೇರೆ. ಅದು ಮೈಯಲ್ಲಿ ಹುಟ್ಟುವ ಮೆಲಟೋನಿನ್ನನ್ನೇ ಕಡಿಮೆ ಮಾಡುತ್ತದೆ. ಅಂಥವರಿಗೆ ಮೆಲಟೋನಿನ್ ಕೊಟ್ಟಾಗ ನಿದ್ದೆ ಸುಧಾರಿಸಿದೆ. ದೊಡ್ಡಮ್ಮನಿಗೆ ಆಗಿಬಂದದ್ದು ಅಪ್ಪನಿಗೂ ಆಗಿಬರಬೇಕಲ್ವಾ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಆ ಲೇಬಲ್. ಕೆನಡಾದಲ್ಲಿ ಇಂಥ 31 ಮೆಲಟೋನಿನ್ ಸರಕು ತಂದು ಪರೀಕ್ಷೆ ಮಾಡಿದ್ದರು, 2017ರಲ್ಲಿ ವರದಿ ಬಂತು. ಒಂದರಲ್ಲಿ ಬರೆದದ್ದರ ಐದನೇ ಒಂದು ಪಾಲೂ ಇರಲಿಲ್ಲ, ಇನ್ನೊಂದರಲ್ಲಿ ನಾಲ್ಕು ಪಟ್ಟಿಗಿಂತ ಜಾಸ್ತಿ. ಔಷಧಿ ಅಂಗಡಿಯಲ್ಲಿ ಕೂತೇ ಮುದುಕನಾದವನು ನಾನು. ಡಬ್ಬಿ ಮೇಲಿನ ಅಕ್ಷರವನ್ನು ನಿನ್ನಷ್ಟು ನಂಬುವ ಧೈರ್ಯ ನನಗಿಲ್ಲ.

ಮನೆಯಲ್ಲಿ ಬಿಪಿ ಮಷಿನ್ ಇದೆ. ಒಂದು ವಾರ ಬೆಳಿಗ್ಗೆ, ರಾತ್ರಿ ನೋಡಿ ಬರೆದಿಡಲಿ. ಆ ಪುಸ್ತಕ, ಈ ಡಬ್ಬಿ, ಈಗಿನ ಮಾತ್ರೆಗಳ ಚೀಟಿ, ಮೂರನ್ನೂ ಡಾಕ್ಟರಿಗೆ ತೋರಿಸು. ನಿಫೆಡಿಪಿನ್ನನ್ನು ಮಾತ್ರ ಸುಮ್ನೆ ನಿಲ್ಲಿಸಕೂಡದು. ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆಯೇ ಅಂತ ಅಮ್ಮನನ್ನು ಕೇಳು. ಹೌದು ಅಂದರೆ ಅದನ್ನೂ ಹೇಳು. ನಿದ್ದೆ ಕೆಡುವುದಕ್ಕೂ ಬಿಪಿ ಏರುವುದಕ್ಕೂ ಅದೇ ಕಾರಣ ಇರಬಹುದು.

ಅಲ್ಲ, ಮಧ್ಯಾಹ್ನ ಎರಡು ತಾಸು ಮಲಗಿ, ಸಂಜೆ ಮತ್ತೆ ಚಾ ಕುಡಿದು, ಹಾಸಿಗೆಯಲ್ಲಿ ಮೊಬೈಲ್ ಹಿಡಿದರೆ ನಿದ್ದೆ ಎಲ್ಲಿಂದ ಬರಬೇಕು? ಮೊಬೈಲ್ ಬೆಳಕು ಮೈಯ ಮೆಲಟೋನಿನ್ನನ್ನೂ ತಡೆಯುತ್ತದೆ. ಮೊದಲು ಇದನ್ನು ಬಿಡಿಸು ನೋಡೋಣ.

ಅಪ್ಪೆಮಿಡಿ ಉಪ್ಪಿನಕಾಯಿ ಈ ಸಲ ಒಂದೇ ಬಾಟಲಿ ಕಳಿಸುತ್ತೇನೆ. ಅಪ್ಪ ಕೇಳಿದರೆ ಮಿಡಿ ಸಿಗಲಿಲ್ಲ ಅನ್ನು.

ನಿನ್ನ ದೊಡ್ಡಪ್ಪ